ಈಳಿಗೆಮಣೆಯಿಂದ ಎದ್ದೇಳುವುದು: 50 ದಾಟಿದವರಿಗೆ 12 ವಾರಗಳ ಮಾರ್ಗದರ್ಶಿ

ಸಂಕ್ರಾಂತಿಯ ಹಿಂದಿನ ದಿನ. ಸಿಹಿಗುಂಬಳ ಹೆಚ್ಚಬೇಕಿತ್ತು, ಈಳಿಗೆಮಣೆ ಎಲ್ಲೂ ಸಿಗಲಿಲ್ಲ. ಅಮ್ಮನನ್ನು ಕೇಳಿದರೆ, "ಅಟ್ಟಕ್ಕೆ ಹಾಕಿಸಿದೀನಿ ಕಣೋ. ಕೂತ್ರೆ ಏಳೋಕಾಗಲ್ಲ" ಅಂದಳು, ಒಗ್ಗರಣೆ ಸೌಟಿನಿಂದ ಕಣ್ಣು ತೆಗೆಯದೆ. ಆಗ ಅವಳಿಗೆ 71. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತಿದ್ದೆವು. ಸಕ್ಕರೆ ಇರಲಿಲ್ಲ, ಬಿಪಿ ಒಂದು ಮಾತ್ರೆಯಲ್ಲಿ ಹತೋಟಿಯಲ್ಲಿತ್ತು. "ಎಲ್ಲ ನಾರ್ಮಲ್" ಅಂತ ವರದಿಯನ್ನು ಫೈಲಿಗೆ ಸೇರಿಸಿಬಿಡುತ್ತಿದ್ದೆವು. ನೆಲದಿಂದ ಏಳಲಾಗದ್ದನ್ನು ಯಾವ ಲ್ಯಾಬೂ ಬರೆದಿರಲಿಲ್ಲ. ಅದೇ ವರ್ಷ ಆಷಾಢದಲ್ಲಿ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಳು.

ಆಮೇಲೆ ನಾನು ಓದಿದ್ದು, ವೈದ್ಯರನ್ನೂ ಫಿಸಿಯೋಥೆರಪಿಸ್ಟನ್ನೂ ಕಾಡಿ ಕೇಳಿದ್ದು, ಮನೆಯಲ್ಲಿ ಮಾಡಿ ನೋಡಿದ್ದು ಇಲ್ಲಿದೆ. ನಾನು ವೈದ್ಯನಲ್ಲ. ನೂರು ವರ್ಷ ಬದುಕುವ ಗುಟ್ಟೂ ನನ್ನ ಹತ್ತಿರ ಇಲ್ಲ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ 111 ವರ್ಷ ಬಾಳಿದರು, ಎಚ್.ಎಸ್. ದೊರೆಸ್ವಾಮಿ 103 ವರ್ಷ ಬಾಳಿದರು. ಅವರು ಉಂಡದ್ದನ್ನೇ ಉಂಡರೆ ನಾವೂ ಅಷ್ಟು ಬಾಳುತ್ತೇವೆ ಅನ್ನುವುದು ಲಾಟರಿ ಹೊಡೆದವನ ಅಂಗಿ ಬಣ್ಣ ನೋಡಿ ಟಿಕೆಟ್ ಕೊಂಡ ಹಾಗೆ. ಇರುವಷ್ಟು ದಿನ ನಮ್ಮ ಕೆಲಸ ನಾವೇ ಮಾಡಿಕೊಳ್ಳುವ ಶಕ್ತಿ ಮಾತ್ರ ಬಹುಪಾಲು ನಮ್ಮ ಕೈಯಲ್ಲೇ ಇದೆ.

ಈ ಹಾದಿಯಲ್ಲಿ 'ಫಂಕ್ಷನಲ್ ಮೆಡಿಸಿನ್' ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಜೆಫ್ರಿ ಬ್ಲಾಂಡ್ ಎಂಬ ಜೀವರಸಾಯನ ವಿಜ್ಞಾನಿ 1991ರಲ್ಲಿ ಅಮೆರಿಕದಲ್ಲಿ ಅದಕ್ಕೊಂದು ಸಂಸ್ಥೆ ಕಟ್ಟಿದರು. ರೋಗಕ್ಕೆ ಹೆಸರಿಡುವ ಮೊದಲು ದೇಹ ಹೇಗೆ ಕೆಲಸ ಮಾಡುತ್ತಿದೆ, ಯಾಕೆ ಹೀಗಾಯಿತು, ಊಟ ನಿದ್ದೆ ಒತ್ತಡ ಏನು ಕತೆ ಎಂದು ಕೇಳುವ ಪದ್ಧತಿ ಅದು. ಆ ಪ್ರಶ್ನೆಗಳು ನನಗೆ ಇಷ್ಟ. ಅದರ ಹೆಸರಲ್ಲಿ ಮಾರುವ ದುಬಾರಿ ಪರೀಕ್ಷೆಗಳು, ಡಬ್ಬಿಗಟ್ಟಲೆ ಮಾತ್ರೆಗಳು ಇಷ್ಟವಿಲ್ಲ. ಪ್ರಶ್ನೆಗಳನ್ನಷ್ಟೇ ಇಟ್ಟುಕೊಳ್ಳೋಣ, ಅವಕ್ಕೆ ದುಡ್ಡಿಲ್ಲ.

ಮೊದಲ ವಾರ: ಅಳೆದು ಬರೆದಿಡಿ

ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಸಾಕು. ನಾಲ್ಕು ಅಳತೆ, ಅದರ ಪಕ್ಕ ತಾರೀಖು.

ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒರಗಿಸಿ. ಎರಡೂ ಕೈ ಎದೆಗೆ ಕಟ್ಟಿಕೊಂಡು ಐದು ಸಲ ಪೂರ್ತಿ ಎದ್ದು ನಿಂತು ಕೂರಿ, ಇನ್ನೊಬ್ಬರು ಮೊಬೈಲಿನಲ್ಲಿ ಸಮಯ ನೋಡಲಿ. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಕಾಲಿನ ಬಲ ಕುಂದಿದೆ ಎಂದು ಲೆಕ್ಕ. ಸ್ನಾಯು ಸವೆತದ ಬಗ್ಗೆ ಏಷ್ಯಾದ ತಜ್ಞರ ಗುಂಪು 2019ರಲ್ಲಿ ನಿಗದಿಪಡಿಸಿದ ಗೆರೆ ಇದು. ಕೈ ಊರದೆ ಒಂದು ಸಲವೂ ಏಳಲಾಗದಿದ್ದರೆ ಹಾಗೆಂದೇ ಬರೆಯಿರಿ. ಅಮ್ಮನ ಮೊದಲ ದಿನದ ಸಾಲಿನಲ್ಲಿ ಇರುವುದು "ಕೈ ಊರಿ, ಮೂರು ಸಲ, ಸಾಕು ಅಂದಳು" ಅಂತ.

ಎರಡನೆಯದು ಒಂಟಿ ಕಾಲಿನಲ್ಲಿ 10 ಸೆಕೆಂಡ್. ಅಡುಗೆಮನೆ ಕಟ್ಟೆಯ ಪಕ್ಕದಲ್ಲೇ ಮಾಡಿ, ತೂಕ ತಪ್ಪಿದರೆ ಹಿಡಿಯೋಕೆ ಇರಲಿ. ಬ್ರೆಜಿಲ್‌ನಲ್ಲಿ 51ರಿಂದ 75 ವಯಸ್ಸಿನ 1702 ಮಂದಿಯನ್ನು ಹೀಗೆ ನಿಲ್ಲಿಸಿ ನೋಡಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಐವರಲ್ಲಿ ಒಬ್ಬರಿಗೆ ನಿಲ್ಲಲಾಗಲಿಲ್ಲ, ಮುಂದಿನ ವರ್ಷಗಳಲ್ಲಿ ಸಾವು ಹೆಚ್ಚಾಗಿ ಕಂಡದ್ದು ಆ ಗುಂಪಿನಲ್ಲಿ. ಒಂಟಿ ಕಾಲಲ್ಲಿ ನಿಂತುಬಿಟ್ಟರೆ ಆಯುಸ್ಸು ಹೆಚ್ಚುತ್ತದೆ ಎಂದು ಇದರರ್ಥವಲ್ಲ. ನಿಲ್ಲಲಾಗದಿರುವುದು ಒಳಗೆ ಏನೋ ಸಡಿಲವಾಗಿದೆ ಎನ್ನುವುದರ ಸೂಚನೆ, ಅಷ್ಟೆ.

ಸೊಂಟದ ಸುತ್ತಳತೆ ಮೂರನೆಯದು. ಪ್ಯಾಂಟು ಕಟ್ಟುವ ಜಾಗದಲ್ಲಲ್ಲ, ಅದು ಹೊಟ್ಟೆಯ ಕೆಳಗೆ ಜಾರಿರುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಹಿಡಿಯಿರಿ. ನಮ್ಮವರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮಿತಿ. ನಾಲ್ಕನೆಯದು ಮೀನಖಂಡ, ಅತಿ ದಪ್ಪ ಇರುವ ಕಡೆ. ಗಂಡಸರಲ್ಲಿ 34, ಹೆಂಗಸರಲ್ಲಿ 33 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಸ್ನಾಯು ಕರಗುತ್ತಿದೆಯೇ ಎಂದು ಅನುಮಾನಿಸಬೇಕು. ಹೊಟ್ಟೆ ಬೆಳೆದು ಕಾಲು ಸಣ್ಣಗಾದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ತಕ್ಕಡಿ ಅವರಿಗೆ "ತೂಕ ಹಾಗೇ ಇದೆ" ಎಂದು ಸುಳ್ಳು ಸಮಾಧಾನ ಹೇಳುತ್ತಿರುತ್ತದೆ.

ಇದೇ ವಾರ ಒಂದು ಹಾಳೆಯಲ್ಲಿ ದೇಹದ ಕತೆ ಬರೆಯಿರಿ. ಯಾವ ವರ್ಷ ಏನಾಯಿತು: ಹೆರಿಗೆ, ಆಪರೇಷನ್, ಮುಟ್ಟು ನಿಂತದ್ದು, ನಿವೃತ್ತಿ, ಮನೆಯಲ್ಲಿ ಸಾವು, ಮಂಡಿನೋವು ಶುರುವಾದದ್ದು. ಅಮ್ಮನ ಹಾಳೆ ಬರೆಯುವಾಗ ಗೊತ್ತಾಯಿತು, ಅವಳು ನೆಲದಲ್ಲಿ ಕೂರುವುದು ಬಿಟ್ಟದ್ದು ಮಂಡಿನೋವಿಗೆ ಮೊದಲೇ. ಹೊಸ ಮನೆಯಲ್ಲಿ ನಿಂತು ಅಡುಗೆ ಮಾಡುವ ಕಟ್ಟೆ, ಮಿಕ್ಸಿ, ಊಟಕ್ಕೆ ಟೇಬಲ್ ಬಂತು. ಒರಳು ಹಿತ್ತಲು ಸೇರಿತು. ದಿನಕ್ಕೆ ಮೂವತ್ತು ಸಲ ಕೂತು ಏಳುತ್ತಿದ್ದವಳು ಒಂದು ಸಲವೂ ಕೂರದಂತಾದಳು, ನಾವೆಲ್ಲ ಅದನ್ನು "ಪಾಪ, ಈಗ ಆರಾಮು" ಅಂದುಕೊಂಡೆವು.

ಮನೆಯಲ್ಲಿರುವ ಎಲ್ಲ ಮಾತ್ರೆ, ಟಾನಿಕ್, ಚೂರ್ಣ, ಎಣ್ಣೆಗಳನ್ನೂ ಒಂದು ಚೀಲಕ್ಕೆ ತುಂಬಿಕೊಂಡು ವೈದ್ಯರ ಮೇಜಿನ ಮೇಲೆ ಸುರಿಯಿರಿ. "ಇದರಲ್ಲಿ ಯಾವುದನ್ನು ನಿಲ್ಲಿಸಬಹುದು?" ಎಂಬ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ. ನಿದ್ದೆ ಮಾತ್ರೆ, ಕೆಲವು ಬಿಪಿ ಮಾತ್ರೆ, ನೆಗಡಿ ಮಾತ್ರೆ ತಲೆ ತಿರುಗಿಸಿ ಬೀಳಿಸುತ್ತವೆ. ನೀವಾಗಿಯೇ ಮಾತ್ರ ಯಾವುದನ್ನೂ ನಿಲ್ಲಿಸಬೇಡಿ.

ತಟ್ಟೆ: ಸಾರಿನಲ್ಲಿ ಸಾರ ಎಷ್ಟಿದೆ?

ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು 3ರಿಂದ 8 ಶೇಕಡಾ ಸ್ನಾಯು ಕರಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ಅದನ್ನು ತಡೆಯಲು ಕಾಲಿಗೆ ಕೆಲಸ, ಹೊಟ್ಟೆಗೆ ಪ್ರೋಟೀನ್, ಎರಡೂ ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ದೊಡ್ಡವರಿಗೆ ಹೇಳುವ ಪ್ರಮಾಣ ಕಿಲೋ ತೂಕಕ್ಕೆ 0.83 ಗ್ರಾಂ. ವಯಸ್ಸಾದವರಿಗೆ 1ರಿಂದ 1.2 ಗ್ರಾಂ ಬೇಕು ಎನ್ನುವವರು ವೃದ್ಧಾಪ್ಯದ ತಜ್ಞರಲ್ಲಿ ಹೆಚ್ಚು. 60 ಕಿಲೋ ಇದ್ದರೆ ದಿನಕ್ಕೆ 60ರಿಂದ 72 ಗ್ರಾಂ.

ಅಮ್ಮನ ಒಂದು ದಿನ ಲೆಕ್ಕ ಹಾಕಿದೆ. ಬೆಳಿಗ್ಗೆ ಉಪ್ಪಿಟ್ಟು, 6 ಗ್ರಾಂ. ಎರಡು ಲೋಟ ಕಾಫಿಯ ಹಾಲು, 3. ಮಧ್ಯಾಹ್ನ ಒಂದು ಮುದ್ದೆ, 7. ಅದಕ್ಕೆ ತಿಳಿಯಾದ ಸಾರು, 3. ಮೇಲೊಂದು ಹಿಡಿ ಅನ್ನ, ನೀರು ಮಜ್ಜಿಗೆ, ಸೇರಿ 6. ರಾತ್ರಿ ಅನ್ನ ಸಾರು ಮಜ್ಜಿಗೆ, 11. ಒಟ್ಟು 36. ಹೊಟ್ಟೆ ತುಂಬಿತ್ತು, ಸ್ನಾಯುವಿಗೆ ಅರ್ಧ ಊಟ.

ಕಳ್ಳ ಸಿಕ್ಕಿದ್ದು ಬಸ್ಸಾರಿನಲ್ಲಿ. ಕಾಳು, ಸೊಪ್ಪು ಬೇಯಿಸಿ, ಕಟ್ಟು ಬಸಿದು ಸಾರು ಮಾಡುತ್ತೇವೆ, ಬಸಿದ ಮೇಲೆ ಉಳಿದದ್ದಕ್ಕೆ ಒಗ್ಗರಣೆ ಹಾಕಿ ಪಲ್ಯ. ಪ್ರೋಟೀನಿನ ಬಹುಪಾಲು ಆ ಪಲ್ಯದಲ್ಲಿರುತ್ತದೆ. ಅಮ್ಮ ಪಲ್ಯವನ್ನೆಲ್ಲ ಮೊಮ್ಮಕ್ಕಳ ತಟ್ಟೆಗೆ ಬಡಿಸಿ, ತಾನು ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗುತ್ತಿದ್ದಳು. "ನಂಗೆ ಅಗಿಯೋಕಾಗಲ್ಲ, ಅವು ತಿನ್ಲಿ" ಅಂತ. ಹಾಗಾಗಿ ಪ್ರೋಟೀನಿನ ಮೊದಲ ಹೆಜ್ಜೆ ದಂತವೈದ್ಯರ ಹತ್ತಿರ ಇಡಬೇಕಾಯಿತು, ನಾನು ಇದನ್ನು ಯಾವ ಪಥ್ಯದ ಪಟ್ಟಿಯಲ್ಲೂ ಓದಿರಲಿಲ್ಲ. ಹಲ್ಲು ಸರಿಯಾಗುವ ತನಕ ಹುರುಳಿಕಾಳನ್ನು ನುಣ್ಣಗೆ ಬೇಯಿಸಿ ಮಸೆದೆವು, ಸೊಗಡಿನ ಕಾಲದಲ್ಲಿ ಹಿದುಕಿದ ಬೇಳೆ ಮಾಡಿದೆವು.

36ನ್ನು 60 ದಾಟಿಸಿದ್ದು ಹೀಗೆ. ತಿಂಡಿಯ ಜೊತೆ ಹೆಸರುಕಾಳಿನ ಉಸಲಿ, ಒಣಕಾಳಿನ ಲೆಕ್ಕದಲ್ಲಿ 30 ಗ್ರಾಂ, ಅದರಿಂದ 7. ಮಧ್ಯಾಹ್ನ ಕಾಳಿನ ಪಲ್ಯ ಅವಳ ತಟ್ಟೆಗೇ ಮೊದಲು, 40 ಗ್ರಾಂ ಕಾಳಿಗೆ 9. ಸಂಜೆ ಚಹದ ಹೊತ್ತಿಗೆ ಬಿಸ್ಕತ್ತಿನ ಬದಲು ಒಂದು ಹಿಡಿ ಹುರಿಗಡಲೆ, 6; ಅಗಿಯಲಾಗದ ದಿನ ಅದನ್ನೇ ಪುಡಿ ಮಾಡಿ ಮಜ್ಜಿಗೆಗೆ ಕದಡುವುದು. ರಾತ್ರಿ ಒಂದು ಲೋಟ ಹಾಲು, 6. ಮೊಟ್ಟೆ ತಿನ್ನುವವರಿಗೆ ಇನ್ನೂ ಸುಲಭ, ಒಂದಕ್ಕೆ 6 ಗ್ರಾಂ. ಮೀನು, ಕೋಳಿ ತಿನ್ನುವ ಮನೆಗಳಲ್ಲೂ ಅದು ಭಾನುವಾರಕ್ಕೆ ಮೀಸಲಾಗಿದ್ದರೆ ಉಳಿದ ಆರು ದಿನದ ಕತೆ ನಮ್ಮದೇ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು. ಶುರು ಮಾಡುವ ಮುಂಚೆ ಕ್ರಿಯಾಟಿನಿನ್ ನೋಡಿಸಿ, ಮೂತ್ರಪಿಂಡ ಹೇಗಿದೆ ಎಂದು ಹೇಳುವ ರಕ್ತ ಪರೀಕ್ಷೆ ಅದು.

ರಾಗಿಯ ಬಗ್ಗೆ ಒಂದು ಮಾತು, ಬೈದರೂ ಪರವಾಗಿಲ್ಲ. ಅದರಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿ ಹತ್ತಿರಕ್ಕೂ ಬರುವುದಿಲ್ಲ. "ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ" ಅಂದವರು ದಿನವಿಡೀ ಹೊಲದಲ್ಲಿ ಕೀಳುತ್ತಲೂ ಇದ್ದರು. ಆದರೆ ರಾಗಿ ಸಕ್ಕರೆ ಏರಿಸುವುದಿಲ್ಲ ಎನ್ನುವುದು ಸುಳ್ಳು. ಅದೂ ಪಿಷ್ಟವೇ, ನುಣ್ಣಗೆ ಬೀಸಿದ ಹಿಟ್ಟಿನ ತೆಳು ಗಂಜಿಯಂತೂ ಬೇಗ ಏರಿಸುತ್ತದೆ. ಮುದ್ದೆ ಇರಲಿ, ಗಾತ್ರ ಮುಷ್ಟಿಯಷ್ಟಿರಲಿ, ಸೊಪ್ಪು ಕಾಳು ಅದಕ್ಕಿಂತ ಹೆಚ್ಚಿರಲಿ. ಉಂಡ ಮೇಲೆ ಹತ್ತು ಹದಿನೈದು ನಿಮಿಷ ಅಂಗಳದಲ್ಲೋ ಮಹಡಿಯಲ್ಲೋ ನಡೆದರೆ ಊಟದ ನಂತರದ ಸಕ್ಕರೆ ಅಷ್ಟು ಜಿಗಿಯುವುದಿಲ್ಲ.

ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯನ್ನೂ ಸೇರಿಸಿ ಎಣಿಸಿದರೆ ಎಲ್ಲಿ ನಿಲ್ಲುತ್ತೇವೆ ಎಂದು ನೀವೇ ನೋಡಿಕೊಳ್ಳಿ.

"ಒಪ್ಪೊತ್ತು ಉಂಡವ ಯೋಗಿ" ಎಂಬ ಗಾದೆಗೆ ಈಗ ಉಪವಾಸದ ಹೊಸ ಫ್ಯಾಷನ್ ಜೊತೆಯಾಗಿದೆ. ರಾತ್ರಿ ಎಂಟರೊಳಗೆ ಉಂಡು ಬೆಳಿಗ್ಗೆ ಎಂಟಕ್ಕೆ ತಿಂಡಿ ತಿನ್ನುವುದು ಒಳ್ಳೆಯ ಅಭ್ಯಾಸ. 70 ದಾಟಿ, ತೂಕ ಇಳಿಯುತ್ತಿರುವವರು ತಿಂಡಿಯನ್ನೇ ಬಿಡುವುದು ಬೇಡ, ಒಂದೇ ಹೊತ್ತಿನಲ್ಲಿ 60 ಗ್ರಾಂ ಪ್ರೋಟೀನ್ ತಿನ್ನಲು ಅವರ ಹೊಟ್ಟೆ ಒಪ್ಪುವುದಿಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆಯಲ್ಲಿ ಇರುವವರು ಏಕಾದಶಿ ಮಾಡುವ ಮುಂಚೆಯೂ ವೈದ್ಯರನ್ನು ಕೇಳಲಿ.

ಕಾಲು: ವಾಕಿಂಗ್ ಒಂದೇ ಸಾಲದು

ಬೆಳಿಗ್ಗೆ ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕಿದರೆ ಎಲ್ಲ ಮುಗಿಯಿತು ಎಂದು ನಾನೂ ನಂಬಿದ್ದೆ. ನಡಿಗೆ ಹೃದಯಕ್ಕೆ, ಸಕ್ಕರೆಗೆ, ಮನಸ್ಸಿಗೆ ಒಳ್ಳೆಯದು; ವಾರಕ್ಕೆ 150 ನಿಮಿಷ ಬೇಕೇ ಬೇಕು. ಆದರೆ ತೊಡೆಯ ಬಲ ಉಳಿಸಲು ಭಾರ ಬೇಕು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಎರಡು ದಿನ ಬಲದ ವ್ಯಾಯಾಮವನ್ನೂ, 65 ದಾಟಿದವರಿಗೆ ಮೂರು ದಿನ ಸಮತೋಲನದ ವ್ಯಾಯಾಮವನ್ನೂ ಹೇಳುತ್ತದೆ.

"ಈ ವಯಸ್ಸಲ್ಲಾ?" ಅನ್ನುವವರಿಗೆ ಹೇಳಿ: 1990ರಲ್ಲಿ ಬಾಸ್ಟನ್ನಿನ ಒಂದು ವೃದ್ಧರ ಆಸ್ಪತ್ರೆಯಲ್ಲಿ ಸರಾಸರಿ 90 ವಯಸ್ಸಿನ ಹತ್ತು ಮಂದಿಗೆ ಎಂಟು ವಾರ ಕಾಲಿಗೆ ಭಾರ ಎತ್ತಿಸಿದರು. ಬಲ ಸರಾಸರಿ 174 ಶೇಕಡಾ ಹೆಚ್ಚಿತು. ಹತ್ತೇ ಮಂದಿಯ ಸಣ್ಣ ಅಧ್ಯಯನ, ನಿಜ. ಆದರೆ 90ರಲ್ಲೂ ಸ್ನಾಯು ಕಿವುಡಾಗಿರುವುದಿಲ್ಲ ಎಂದು ಅಲ್ಲಿ ಕಂಡಿತು.

ನಾವು ಮಾಡಿದ್ದು ಸೋಮವಾರ, ಗುರುವಾರ, ಆಗೀಗ ಶನಿವಾರ. ಮೊದಲು ಕುರ್ಚಿಯಿಂದ ಏಳುವುದು, ಎಂಟು ಸಲ, ಸುಧಾರಿಸಿಕೊಂಡು ಮತ್ತೆ ಎಂಟು ಸಲ. ಏಳಲಾಗದವರು ಕುರ್ಚಿಯ ಮೇಲೆ ಎರಡು ದಿಂಬು ಹಾಕಿ ಎತ್ತರಿಸಿಕೊಳ್ಳಿ, ವಾರ ಕಳೆದಂತೆ ಒಂದೊಂದು ತೆಗೆಯಿರಿ. ಗೋಡೆಗೆ ಅಂಗೈ ಊರಿ ನಿಂತ ದಂಡ, ಹತ್ತು ಸಲ. ಅಡುಗೆ ಕಟ್ಟೆ ಹಿಡಿದು ತುದಿಗಾಲಲ್ಲಿ ಏಳುವುದು, ಹತ್ತು ಸಲ. ಕೊನೆಗೆ ಎರಡೂ ಕೈಯಲ್ಲಿ ಚೀಲ ಹಿಡಿದು ಹಜಾರದ ಆ ತುದಿಯಿಂದ ಈ ತುದಿಗೆ ನಡಿಗೆ. ನಾಲ್ಕನೇ ವಾರ ಕೂರುವಾಗ ಮೂರರವರೆಗೆ ಎಣಿಸುತ್ತ ನಿಧಾನವಾಗಿ ಇಳಿಯಿರಿ, ಧೊಪ್ಪನೆ ಬೀಳಬೇಡಿ. ಏಳನೇ ವಾರ ಎದೆಗೆ ಎರಡು ಕಿಲೋ ರಾಗಿಹಿಟ್ಟಿನ ಪ್ಯಾಕೆಟ್ ಅಪ್ಪಿಕೊಳ್ಳಿ. ಕೊನೆಯ ಎರಡು ಸಲ ಕಷ್ಟ ಅನ್ನಿಸಬೇಕು. ಅನ್ನಿಸದಿದ್ದರೆ ಭಾರ ಕಡಿಮೆಯಾಯಿತು. ಉಸಿರು ಬಿಗಿಹಿಡಿಯಬೇಡಿ, ಜೋರಾಗಿ ಎಣಿಸಿದರೆ ಅದು ತಾನಾಗಿ ಬಿಡುತ್ತದೆ. ಮರುದಿನವೂ ಮಂಡಿ ನೋಯುತ್ತಿದ್ದರೆ ಅರ್ಧಕ್ಕೆ ಇಳಿಸಿ. ಎದೆ ಹಿಡಿದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿ.

ನೆಲದಿಂದ ಏಳುವುದನ್ನು ಬೇರೆಯಾಗಿಯೇ ಕಲಿಯಬೇಕು, ಯಾರಾದರೂ ಪಕ್ಕದಲ್ಲಿರುವಾಗ. ಚಾಪೆಯ ಮೇಲೆ ದಪ್ಪ ಕಂಬಳಿ ಹಾಸಿ, ತಲೆದೆಸೆಗೆ ಗಟ್ಟಿ ಕುರ್ಚಿ ಇಟ್ಟುಕೊಳ್ಳಿ. ಅಂಗಾತ ಮಲಗಿದವರು ಮೊದಲು ಮಗ್ಗುಲಾಗಿ. ಮೇಲಿನ ಕೈ ನೆಲಕ್ಕೆ ಊರಿ, ಕೆಳಗಿನ ಮೊಣಕೈ ಒತ್ತಿ ಎದೆ ಎತ್ತಿ. ಅಂಬೆಗಾಲಿಗೆ ಬನ್ನಿ. ಕುರ್ಚಿಯವರೆಗೆ ಅಂಬೆಗಾಲಿಟ್ಟು, ಎರಡೂ ಅಂಗೈಯನ್ನು ಅದರ ಮೇಲಿಡಿ. ಈಗ ಗಟ್ಟಿಯಾದ ಕಾಲನ್ನು ಮುಂದಕ್ಕೆ ತಂದು ಪಾದ ಪೂರ್ತಿ ಊರಿ. ಕೈಯಿಂದ ಒತ್ತಿ, ಕಾಲಿಂದ ಎದ್ದು, ತಿರುಗಿ ಕುರ್ಚಿಯಲ್ಲಿ ಕೂರಿ. ಅಮ್ಮ ಮೊದಲ ಸಲ ಅಂಬೆಗಾಲಿನಲ್ಲಿ ಸಿಕ್ಕಿಕೊಂಡು, "ನಿನ್ನ ಮಗಳು ನೋಡಿದ್ರೆ ನಗ್ತಾಳೆ" ಅಂತ ತಾನೇ ನಕ್ಕು ಮತ್ತೆ ಮಲಗಿಬಿಟ್ಟಳು. ಆರನೇ ಸಲ ಎದ್ದಳು. ಮಂಡಿ ಕೀಲು ಬದಲಿಸಿಕೊಂಡವರು ಇದನ್ನು ಫಿಸಿಯೋಥೆರಪಿಸ್ಟ್ ಎದುರೇ ಮಾಡಲಿ.

ಬಚ್ಚಲು

ಒಂದು ಭಾನುವಾರ ಸಾಕು. ಕಮೋಡಿನ ಪಕ್ಕಕ್ಕೂ ಸ್ನಾನದ ಜಾಗಕ್ಕೂ ಗೋಡೆಗೆ ಸ್ಟೀಲ್ ಹಿಡಿಕೆ ಹೊಡೆಸಿ. ಟವೆಲ್ ಸ್ಟ್ಯಾಂಡ್ ಹಿಡಿಕೆಯಲ್ಲ, ಅಮ್ಮ ಬಿದ್ದದ್ದು ಅದನ್ನು ಕಿತ್ತುಕೊಂಡೇ. ಸವೆದ ಹವಾಯಿ ಚಪ್ಪಲಿ ಎಸೆಯಿರಿ, ಜಾರುವ ಕಾಲೊರೆಸು ತೆಗೆಯಿರಿ, ಮಂಚದಿಂದ ಬಚ್ಚಲಿನವರೆಗೆ ರಾತ್ರಿದೀಪ ಇರಲಿ. ರಾತ್ರಿ ಎದ್ದಾಗ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಆಮೇಲೆ ನಿಲ್ಲಿ.

ಮಣಿಕಟ್ಟು ಮುರಿದಾಗ ಪ್ಲಾಸ್ಟರ್ ಹಾಕಿ ಕಳಿಸಿದರು. ಮೂಳೆ ಸಾಂದ್ರತೆಯ ಡೆಕ್ಸಾ ಪರೀಕ್ಷೆಯನ್ನು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ; ಒಂದು ವರ್ಷ ವ್ಯರ್ಥವಾಯಿತು. 50 ದಾಟಿದ ಮೇಲೆ ಸಣ್ಣ ಬೀಳುವಿಕೆಗೆ ಮೂಳೆ ಮುರಿದರೆ, ಅಥವಾ ಹೆಂಗಸರಿಗೆ 65 ದಾಟಿದರೆ, ನೀವೇ ಬಾಯಿಬಿಟ್ಟು ಕೇಳಿ.

ರಕ್ತ ಪರೀಕ್ಷೆ ಮತ್ತು ಡಬ್ಬಿಗಳು

ವರ್ಷಕ್ಕೊಮ್ಮೆ ಬೇಕಾದದ್ದು ಸಾದಾ ಪಟ್ಟಿ: ಬಿಪಿ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಕೊಲೆಸ್ಟರಾಲ್, ಕ್ರಿಯಾಟಿನಿನ್, ಹಿಮೋಗ್ಲೋಬಿನ್. ಥೈರಾಯ್ಡ್, ಬಿ12, ವಿಟಮಿನ್ ಡಿ ವೈದ್ಯರು ಹೇಳಿದಾಗ. ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಇದ್ದರೆ ಮಧುಮೇಹದ ಹೊಸ್ತಿಲು, 6.5ರಿಂದ ಮಧುಮೇಹ. ಹೊಸ್ತಿಲಲ್ಲೇ ಹಿಂದಿರುಗುವುದು ಸುಲಭ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಮಾಮೂಲು. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಅಥವಾ ಗ್ಯಾಸ್ಟ್ರಿಕ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿ ಇನ್ನೂ ಹೆಚ್ಚು. ಕಾಲು ಜುಮ್ಮೆನ್ನುವುದು, ನಡಿಗೆ ತೂರಾಡುವುದು, ಮರೆವು, ಇವನ್ನೆಲ್ಲ "ವಯಸ್ಸಾಯ್ತು" ಎಂದು ತಳ್ಳಿಹಾಕುವ ಮೊದಲು ಅದನ್ನು ನೋಡಿಸಿ.

ವಿಟಮಿನ್ ಡಿ ಸ್ಯಾಶೆ 60,000 ಯೂನಿಟ್ಟಿನದು. ಸಾಮಾನ್ಯವಾಗಿ ಕೊಡುವುದು ವಾರಕ್ಕೊಂದರಂತೆ ಕೆಲವು ವಾರ. ಇದನ್ನೇ ದಿನಕ್ಕೊಂದು ಎಂದು ತಿಳಿದು ಕುಡಿದು ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಆಸ್ಪತ್ರೆ ಸೇರುವವರಿದ್ದಾರೆ. ಚೀಟಿಯ ಮೇಲೆ "ವಾರಕ್ಕೊಂದು" ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆಸಿಕೊಳ್ಳಿ.

ದುಡ್ಡು ಉಳಿಸಬಹುದಾದ ಕಡೆ: ಆಹಾರ ಒಗ್ಗುತ್ತದೋ ಇಲ್ಲವೋ ಎಂದು ಹೇಳುವ ಐಜಿಜಿ ರಕ್ತ ಪರೀಕ್ಷೆಯನ್ನು ಅಲರ್ಜಿ ತಜ್ಞರ ಸಂಘಗಳೇ ಒಪ್ಪುವುದಿಲ್ಲ. 'ಜೈವಿಕ ವಯಸ್ಸು' ಹೇಳುವ ಕಿಟ್ ಹರಟೆಗೆ ಸರಿ. ಮುಪ್ಪು ತಡೆಯುತ್ತವೆ ಎಂದು ಮಾರುವ ಎನ್‌ಎಂಎನ್, ರೆಸ್ವೆರಟ್ರಾಲ್ ಮಾತ್ರೆಗಳು ಮನುಷ್ಯರ ಆಯುಸ್ಸು ಹೆಚ್ಚಿಸಿದ್ದಕ್ಕೆ ಪುರಾವೆ ಇಲ್ಲ. ಹೆಸರಿಲ್ಲದ ಪೊಟ್ಟಣದಲ್ಲಿ ಬರುವ ಮಂಡಿನೋವಿನ ಪುಡಿಯಂತೂ ಮೂರೇ ದಿನದಲ್ಲಿ ನೋವು ಮಾಯ ಮಾಡಿದರೆ ಅದರಲ್ಲಿ ಸ್ಟೀರಾಯ್ಡ್ ಇದೆಯೇ ಎಂದು ಅನುಮಾನಿಸಿ. ಆ ದುಡ್ಡಿನಲ್ಲಿ ಫ್ಲೂ, ನ್ಯುಮೋನಿಯಾ ಲಸಿಕೆ ಹಾಕಿಸಬಹುದು.

ನಿದ್ದೆ, ಕಿವಿ, ಕಟ್ಟೆ

ಏಳು ಗಂಟೆ ನಿದ್ದೆ. ಮಧ್ಯಾಹ್ನದ ಜೋಂಪು ಅರ್ಧ ಗಂಟೆ ಮೀರಬಾರದು, ಮೂರರ ನಂತರ ಕಾಫಿ ಬೇಡ (ಇದರಲ್ಲಿ ನಾನಿನ್ನೂ ಸೋಲುತ್ತಿದ್ದೇನೆ). ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಲ್ಲುವವರನ್ನು ತಮಾಷೆ ಮಾಡದೆ ವೈದ್ಯರಿಗೆ ತೋರಿಸಿ.

ಮರೆಗುಳಿತನಕ್ಕೆ ಕಾರಣವಾಗುವ, ನಾವು ತಿದ್ದಬಹುದಾದ 14 ಅಂಶಗಳನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿತು. ಕಿವುಡುತನ, ಕಣ್ಣಿನ ಮಂಜು, ಒಂಟಿತನ ಮೂರೂ ಅದರಲ್ಲಿವೆ. ನಮ್ಮ ಜನರಲ್ಲಿ ಇದು ಹೇಗೆ ನಡೆಯುತ್ತದೆ ಎಂದು ತಿಳಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುತ್ತಿದೆ. ಕನ್ನಡಕ ಹಾಕಲು ನಾಚದವರು ಕಿವಿಯಂತ್ರಕ್ಕೆ ಯಾಕೆ ನಾಚುತ್ತಾರೋ ನನಗೆ ಅರ್ಥವಾಗಿಲ್ಲ. ಕೇಳಿಸದ ಮನುಷ್ಯ ಮೊದಲು ಬಿಡುವುದು ಭಜನೆ, ಆಮೇಲೆ ಮದುವೆಮನೆ, ಕೊನೆಗೆ ಜಗಲಿ.

ಹನ್ನೆರಡನೇ ವಾರ

ಅದೇ ಕುರ್ಚಿ, ಅದೇ ಗೋಡೆ, ಅದೇ ಟೇಪು. ಹೊಸ ಸಾಲನ್ನು ಹಳೆಯ ಸಾಲಿನ ಕೆಳಗೇ ಬರೆಯಿರಿ. ತೂಕ ನೋಡಿ ನಿರ್ಧರಿಸಬೇಡಿ, ಸೆಕೆಂಡು ನೋಡಿ. ಕುರ್ಚಿಯ ಸಮಯ ಇಳಿಯದಿದ್ದರೆ ಮೊದಲು ತಟ್ಟೆಯ ಲೆಕ್ಕ, ಆಮೇಲೆ ಭಾರದ ಲೆಕ್ಕ ತೆಗೆಯಿರಿ; ನನ್ನ ಅನುಭವದಲ್ಲಿ ತಪ್ಪಿರುವುದು ಹೆಚ್ಚಾಗಿ ತಟ್ಟೆಯಲ್ಲಿ. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಕಾಯದೆ ವೈದ್ಯರಿಗೆ ತೋರಿಸಿ.

ಅಮ್ಮ ಹನ್ನೆರಡನೇ ವಾರ ಕೈ ಊರದೆ ಐದು ಸಲ ಎದ್ದಳು, 16 ಸೆಕೆಂಡ್. 12ರ ಗೆರೆಗೆ ಇನ್ನೂ ದೂರವಿತ್ತು. ಮುಂದಿನ ಸಾಲಿಗೆ ಜಾಗ ಬಿಟ್ಟು, ಅಟ್ಟದಿಂದ ಈಳಿಗೆಮಣೆ ಇಳಿಸಿ, ತುಕ್ಕು ತೆಗೆಸಲು ಸಾಣೆಯವನಿಗೆ ಕೊಟ್ಟೆ.